ರಿಯಾಯಿತಿ ‘ಹೈಬ್ರಿಡ್’ ಎಂಬ ಹೆಸರಿಗೆ ಬೇಡ, ಅಳತೆಗೆ ಕೊಡಿ: ಡೀಸೆಲ್ ಹೈಬ್ರಿಡ್ ಕಾರುಗಳ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಸಚಿವರು ಮತ್ತು ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಉತ್ತರ ಪ್ರದೇಶ ಸರ್ಕಾರವು 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್ (ಬರೀ ಮೋಟಾರಿನಿಂದಲೂ ಸ್ವಲ್ಪ ದೂರ ಓಡಬಲ್ಲ) ಮತ್ತು ಪ್ಲಗ್-ಇನ್ ಹೈಬ್ರಿಡ್ (ಹೊರಗಿನಿಂದ ಚಾರ್ಜ್ ಮಾಡಬಹುದಾದ) ಕಾರುಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿದ ನಂತರ, ನಮ್ಮ ರಾಜ್ಯದಲ್ಲಿಯೂ ಹೈಬ್ರಿಡ್ ಕಾರುಗಳಿಗೆ ಅಂಥದ್ದೇ ರಿಯಾಯಿತಿ ಸಿಗಬೇಕೆಂಬ ಮಾತು ಮಾರಾಟಗಾರರಿಂದಲೂ ಕೊಳ್ಳುವವರಿಂದಲೂ ಕೇಳಿಬರುತ್ತಿದೆ. ಆ ಬೇಡಿಕೆಯನ್ನು ಪೂರ್ತಿ ತಳ್ಳಿಹಾಕಬೇಕೆಂದು ನಾನು ಹೇಳುವುದಿಲ್ಲ. ಆದರೆ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಗಾಡಿಗಳಿಗೆ ಬಳಸುವ ‘ಹೈಬ್ರಿಡ್’ ಎಂಬ ಒಂದೇ ಪದದ ಕೆಳಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಹಲವು ಬಗೆಯ ವಾಹನಗಳು ಬಂದು ನಿಲ್ಲುತ್ತವೆ. ಅವುಗಳಲ್ಲಿ ಡೀಸೆಲ್ ಹೈಬ್ರಿಡ್ ಅತ್ಯಂತ ಹೆಚ್ಚು ಆಸೆ ಹುಟ್ಟಿಸುವ ಮತ್ತು ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದ ಬಗೆ. ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಡೀಸೆಲ್ ಎಂಜಿನ್ ಪಾಠ ಹೇಳಿಯೇ ವೃತ್ತಿಜೀವನ ಕಳೆದವನಾದ್ದರಿಂದ, ಮತ್ತು ಆ ಎಂಜಿನ್ನಿನ ಬಗ್ಗೆ ನನಗೆ ಇಂದಿಗೂ ಗೌರವವಿರುವುದರಿಂದ, ತೀರ್ಮಾನಕ್ಕೆ ಮೊದಲು ಕೆಲವು ಸಂಗತಿಗಳನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹಣದ ಲೆಕ್ಕ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ಕಾರಿನ ಜೀವಾವಧಿ ತೆರಿಗೆ ಅದರ ಬೆಲೆಯನ್ನು ಅವಲಂಬಿಸಿದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲ್ಪಟ್ಟರೆ ಶೇ 18; ಇದರ ಮೇಲೆ ಸೆಸ್ ಬೇರೆ. ಅಂದರೆ 12 ಲಕ್ಷದ ಕಾರು ಕೊಂಡವರು ಸುಮಾರು ಎರಡು ಲಕ್ಷ ಕಟ್ಟಿದರೆ, 45 ಲಕ್ಷದ ದೊಡ್ಡ ಎಸ್‌ಯುವಿ ಕೊಂಡವರು ಎಂಟು ಲಕ್ಷಕ್ಕೂ ಹೆಚ್ಚು ಕಟ್ಟುತ್ತಾರೆ. ‘ಹೈಬ್ರಿಡ್ ಆಗಿದ್ದರೆ ಸಾಕು, ತೆರಿಗೆ ಮಾಫಿ’ ಎಂದು ಒಂದು ಸಾಲಿನ ಆದೇಶ ಹೊರಬಿದ್ದರೆ, ಅತಿ ದೊಡ್ಡ ಲಾಭ ಅತಿ ದುಬಾರಿ ಗಾಡಿಗೆ ಸಿಗುತ್ತದೆ. ಆ ಗಾಡಿ ಇಂಧನ ಉಳಿಸುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಆ ಆದೇಶ ಕೇಳುವುದೇ ಇಲ್ಲ. ಇದು ಕಲ್ಪನೆಯ ಮಾತಲ್ಲ. ನಮ್ಮದೇ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಫಾರ್ಚೂನರ್ 2025ರ ಜೂನ್‌ನಲ್ಲಿ 48 ವೋಲ್ಟ್ ಡೀಸೆಲ್ ಹೈಬ್ರಿಡ್ ರೂಪದಲ್ಲಿ ಮಾರುಕಟ್ಟೆಗೆ ಬಂದಿದೆ. 2.8 ಲೀಟರಿನ ಡೀಸೆಲ್ ಎಂಜಿನ್ನಿಗೆ ಬೆಲ್ಟ್ ಮೂಲಕ ಜೋಡಿಸಿದ ಒಂದು ಮೋಟಾರ್-ಜನರೇಟರ್, ಪುಟ್ಟದೊಂದು ಲಿಥಿಯಂ ಬ್ಯಾಟರಿ, ಇಷ್ಟೇ ಅದರ ಹೈಬ್ರಿಡ್ ವ್ಯವಸ್ಥೆ. ‘ಮೈಲ್ಡ್ ಹೈಬ್ರಿಡ್’ ಎಂದು ಕರೆಯುವ ಇಂಥ ವ್ಯವಸ್ಥೆಯಲ್ಲಿ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ಗಾಡಿಯನ್ನು ತಾನೊಂದೇ ಎಳೆದೊಯ್ಯುವುದಿಲ್ಲ. ಅದೇ ಬಿಡದಿಯಿಂದ ಹೊರಬರುವ ಇನ್ನೋವಾ ಹೈಕ್ರಾಸ್ ಪೆಟ್ರೋಲಿನ ಸ್ಟ್ರಾಂಗ್ ಹೈಬ್ರಿಡ್ ಆಗಿದ್ದು, ಟ್ರಾಫಿಕ್ಕಿನಲ್ಲಿ ಎಷ್ಟೋ ಹೊತ್ತು ಎಂಜಿನ್ ಆರಿಸಿಯೇ ಚಲಿಸಬಲ್ಲದು. ಎರಡನ್ನೂ ಹೈಬ್ರಿಡ್ ಎಂದೇ ಕರೆಯುತ್ತೇವೆ.

ಡೀಸೆಲ್ಲಿಗೆ ವಿದ್ಯುತ್ ಮೋಟಾರು ಸೇರಿಸುವ ಆಲೋಚನೆ ಹೊಸದೇನಲ್ಲ, ದಡ್ಡತನದ್ದೂ ಅಲ್ಲ. ಕಾಗದದ ಮೇಲೆ ಅದಕ್ಕಿಂತ ಚೆಂದದ ಜೋಡಿ ಸಿಗುವುದು ಕಷ್ಟ. ಸಾಮಾನ್ಯ ಎಂಜಿನ್ನುಗಳಲ್ಲಿ ಅತಿ ಮಿತವ್ಯಯಿ ಡೀಸೆಲ್. ಬ್ರೇಕ್ ಹಿಡಿದಾಗ ಪೋಲಾಗುವ ಶಕ್ತಿಯನ್ನು ಹಿಡಿದಿಟ್ಟು, ನಿಂತಲ್ಲಿಂದ ಹೊರಡುವಾಗ ಅದನ್ನು ಮರಳಿ ಕೊಡುವುದು ಮೋಟಾರು. ಇಬ್ಬರನ್ನೂ ಒಂದೇ ಗಾಡಿಗೆ ಕಟ್ಟಿದರೆ ಮೈಲೇಜ್ ಎಲ್ಲಿಗೆ ಹೋಗಿ ನಿಲ್ಲಬಹುದು! ಅಮೆರಿಕದಲ್ಲಿ 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಕಾಲಕ್ಕೆ ಸರ್ಕಾರ ಮತ್ತು ಡೆಟ್ರಾಯಿಟಿನ ಮೂರು ದೊಡ್ಡ ಕಂಪನಿಗಳು ಸೇರಿ, ಒಂದು ಕುಟುಂಬ ಆರಾಮವಾಗಿ ಓಡಾಡುವ ಕಾರು ಒಂದು ಗ್ಯಾಲನ್ನಿಗೆ 80 ಮೈಲಿ ಓಡಬೇಕೆಂಬ ಗುರಿ ಹಾಕಿಕೊಂಡವು. ನಮ್ಮ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 34 ಕಿಲೋಮೀಟರ್. 2000ದ ಹೊತ್ತಿಗೆ ಜನರಲ್ ಮೋಟಾರ್ಸ್, ಫೋರ್ಡ್ ಮತ್ತು ಕ್ರೈಸ್ಲರ್ ಮೂರೂ ಮಾದರಿ ಕಾರುಗಳನ್ನು ತೋರಿಸಿದವು. ಮೂರೂ ಡೀಸೆಲ್ ಹೈಬ್ರಿಡ್‌ಗಳೇ. ಗುರಿಯ ಹತ್ತಿರ ಹತ್ತಿರಕ್ಕೆ ಬಂದಿದ್ದ ಆ ಕಾರುಗಳಲ್ಲಿ ಒಂದೂ ಶೋರೂಮಿಗೆ ಬರಲಿಲ್ಲ.

ಶೋರೂಮಿಗೆ ಬಂದ ಮೊದಲ ಪೂರ್ಣ ಪ್ರಮಾಣದ ಡೀಸೆಲ್ ಹೈಬ್ರಿಡ್ ಕಾರು ಫ್ರಾನ್ಸಿನ ಪ್ಯೂಜೋ 3008 ಹೈಬ್ರಿಡ್4. 2011ರಲ್ಲಿ ಬಂದ ಆ ಕಾರಿನ ಮುಂದಿನ ಚಕ್ರಗಳಿಗೆ 163 ಅಶ್ವಶಕ್ತಿಯ ಎರಡು ಲೀಟರ್ ಡೀಸೆಲ್ ಎಂಜಿನ್ನೂ, ಹಿಂದಿನ ಚಕ್ರಗಳಿಗೆ 37 ಅಶ್ವಶಕ್ತಿಯ ಮೋಟಾರೂ ಇದ್ದವು. ಮುಂದಕ್ಕೂ ಹಿಂದಕ್ಕೂ ನಡುವೆ ಶಾಫ್ಟಿನ ಸಂಬಂಧವೇ ಇರಲಿಲ್ಲ, ಬರೀ ವೈರಿನ ಸಂಬಂಧ. ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚತಕ್ಕ ಉಪಾಯ ಅದು. ಕೆಲವೇ ವರ್ಷಗಳಲ್ಲಿ ಕಂಪನಿ ಆ ದಾರಿಯನ್ನು ಬಿಟ್ಟುಕೊಟ್ಟಿತು. ಅದೇ ‘ಹೈಬ್ರಿಡ್4’ ಹೆಸರು 2019ರಲ್ಲಿ ಮರಳಿ ಬಂದಾಗ ಬಾನೆಟ್ಟಿನ ಕೆಳಗೆ ಇದ್ದದ್ದು ಪೆಟ್ರೋಲ್ ಎಂಜಿನ್. ವೋಲ್ವೊ ಕಂಪನಿಯ ವಿ60 ಡೀಸೆಲ್ ಪ್ಲಗ್-ಇನ್ ಕಾರಿನ ಮುಂದಿನ ಪೀಳಿಗೆಗೂ ಪೆಟ್ರೋಲ್ ಎಂಜಿನ್ನೇ ಬಂತು. ಫೋಕ್ಸ್‌ವ್ಯಾಗನ್ 2013ರಲ್ಲಿ ಎಕ್ಸ್‌ಎಲ್1 ಎಂಬ ಎರಡು ಸೀಟಿನ ಡೀಸೆಲ್ ಪ್ಲಗ್-ಇನ್ ಕಾರು ತಯಾರಿಸಿತು; ನೂರು ಕಿಲೋಮೀಟರಿಗೆ ಒಂದು ಲೀಟರಿಗಿಂತ ಕಡಿಮೆ ಎಂದು ಪ್ರಯೋಗಾಲಯದಲ್ಲಿ ಸಾಧಿಸಿಯೂ ತೋರಿಸಿತು. ಮಾಡಿದ್ದು 250 ಕಾರು ಮಾತ್ರ. ಮರ್ಸಿಡಿಸ್ ಒಂದೇ ಈ ಜೋಡಿಯನ್ನು ಹಠ ಬಿಡದೆ ದುಬಾರಿ ಕಾರುಗಳಲ್ಲಿ ಮುಂದುವರಿಸಿದೆ, ಅದೂ ದಿನವಿಡೀ ಹೆದ್ದಾರಿಯಲ್ಲಿ ಓಡುವ ಜರ್ಮನಿಯ ಗಿರಾಕಿಗಳನ್ನು ನಂಬಿಕೊಂಡು.

ಇಷ್ಟು ಜನ ಬಲ್ಲವರು ಕೈಹಾಕಿ ಕೈಬಿಟ್ಟದ್ದಕ್ಕೆ ಕಾರಣ ಎಂಜಿನ್ನಿನ ಒಳಗೇ ಇದೆ. ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುವಾಗ ಅದರ ಗಾಳಿದಾರಿಯನ್ನು ಥ್ರಾಟಲ್ ಕವಾಟ ಅರ್ಧ ಮುಚ್ಚಿರುತ್ತದೆ. ಆ ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಒಂದಿಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಕಾರಿನ ಮೈಲೇಜ್ ಕುಸಿಯುವುದು ಬಹುಪಾಲು ಈ ಕಾರಣಕ್ಕೆ, ಮತ್ತು ಹೈಬ್ರಿಡ್ ವ್ಯವಸ್ಥೆ ವಾಸಿ ಮಾಡುವುದೂ ಮುಖ್ಯವಾಗಿ ಇದೇ ಕಾಯಿಲೆಯನ್ನು. ಡೀಸೆಲ್ ಎಂಜಿನ್ನಿಗೆ ಆ ಕಾಯಿಲೆ ಮೊದಲೇ ಕಡಿಮೆ. ಅದು ಬೇಕಾದಷ್ಟು ಗಾಳಿ ಎಳೆದುಕೊಂಡು ಇಂಧನದ ಪ್ರಮಾಣವನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತದೆ. ಆದ್ದರಿಂದ ಅದೇ ಮೋಟಾರು, ಅದೇ ಬ್ಯಾಟರಿ ಹಾಕಿದರೂ ಡೀಸೆಲ್ಲಿನಲ್ಲಿ ಸಿಗುವ ಉಳಿತಾಯ ಪೆಟ್ರೋಲಿನಲ್ಲಿ ಸಿಗುವುದಕ್ಕಿಂತ ಕಡಿಮೆ. ಇನ್ನೊಂದು ಕಡೆ, ಹೈಬ್ರಿಡ್‌ಗೆಂದೇ ರೂಪಿಸಿದ ಅಟ್ಕಿನ್ಸನ್ ಆವರ್ತದ ಪೆಟ್ರೋಲ್ ಎಂಜಿನ್ನುಗಳ ಉಷ್ಣ ದಕ್ಷತೆ ಈಗ ಶೇ 40ರ ಆಸುಪಾಸಿಗೆ ಬಂದು ಮುಟ್ಟಿದೆ. ಡೀಸೆಲ್ ಕಾರುಗಳ ಎಂಜಿನ್ನಿಗೂ ಅದಕ್ಕೂ ಒಂದು ಕಾಲದಲ್ಲಿ ಇದ್ದ ದೊಡ್ಡ ಅಂತರ ಈಗ ಉಳಿದಿಲ್ಲ.

ಖರ್ಚು ಮಾತ್ರ ಎರಡೂ ಕಡೆಯಿಂದ ಬೀಳುತ್ತದೆ. ಡೀಸೆಲ್ ಎಂಜಿನ್ ಮೊದಲೇ ದುಬಾರಿ: ಸಾವಿರದೈನೂರು ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರುಗಳು, ಟರ್ಬೊ, ಮಸಿ ಹಿಡಿಯುವ ಫಿಲ್ಟರ್, ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಬಿಎಸ್-6 ನಿಯಮ ಬಂದ ಮೇಲೆ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವ ಪ್ರತ್ಯೇಕ ವ್ಯವಸ್ಥೆ. ಇದರ ಮೇಲೆ ಮೋಟಾರು, ಇನ್ವರ್ಟರ್, ಬ್ಯಾಟರಿ ಸೇರಿಸಿದರೆ ಬೆಲೆಯ ಜೊತೆ ತೂಕವೂ ಏರುತ್ತದೆ. ಪದೇ ಪದೇ ನಿಂತು ಹೊರಡುವಾಗ ಡೀಸೆಲ್ ಎಂಜಿನ್ನಿನ ನಡುಕವನ್ನು ಅಡಗಿಸುವುದಕ್ಕೂ ಬೇರೆ ಖರ್ಚು. ಮಾರುತಿ ಸುಜುಕಿಯಂಥ ಕಂಪನಿಯೇ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಗೆ ಬಂದಾಗ ಡೀಸೆಲ್ ಕಾರುಗಳ ಸಹವಾಸವನ್ನೇ ಬಿಟ್ಟುಬಿಟ್ಟಿತು. ಅವುಗಳ ಜೊತೆಗೆ ಅದರ ಡೀಸೆಲ್ ಹೈಬ್ರಿಡ್‌ಗಳೂ ಹೋದವು.

ಆ ಡೀಸೆಲ್ ಹೈಬ್ರಿಡ್‌ಗಳ ಕಥೆ ತಮ್ಮ ಇಲಾಖೆಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದು ರಿಯಾಯಿತಿಯ ಕಥೆಯೂ ಹೌದು. ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಿಗೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಫೇಮ್ ಯೋಜನೆ 2015ರ ಏಪ್ರಿಲ್ 1ರಂದು ಆರಂಭವಾಯಿತು. ಅದೇ ವರ್ಷ ಸಿಯಾಜ್ ಮತ್ತು ಎರ್ಟಿಗಾ ಕಾರುಗಳ 1.3 ಲೀಟರ್ ಡೀಸೆಲ್ ಮಾದರಿಗಳು ‘ಎಸ್‌ಎಚ್‌ವಿಎಸ್’ ಎಂಬ ಹೆಸರಿನಲ್ಲಿ ಹೈಬ್ರಿಡ್ ಆಗಿ ಬಂದು, ಕಾರಿಗೆ ₹13,000 ಸಹಾಯಧನವನ್ನೂ ಪಡೆದವು. ಅವುಗಳಲ್ಲಿ ಇದ್ದದ್ದು ಸ್ಟಾರ್ಟರ್ ಮತ್ತು ಡೈನಮೊ ಎರಡರ ಕೆಲಸವನ್ನೂ ಮಾಡುವ ಒಂದು ಯಂತ್ರ ಮತ್ತು ಮಾಮೂಲಿಗಿಂತ ಕೊಂಚ ದೊಡ್ಡದಾದ ಸೀಸ-ಆಮ್ಲದ ಬ್ಯಾಟರಿ. ಅಧಿಕೃತ ಪರೀಕ್ಷೆಯಲ್ಲಿ ಸಿಯಾಜ್ ಡೀಸೆಲ್ಲಿನ ಮೈಲೇಜ್ 26.21ರಿಂದ 28.09 ಕಿಲೋಮೀಟರಿಗೆ ಏರಿತು, ಅಂದರೆ ಸುಮಾರು ಶೇ 7. ಎರಡು ವರ್ಷಗಳ ನಂತರ, 2017ರ ಏಪ್ರಿಲ್ 1ರಿಂದ, ಕೇಂದ್ರವೇ ಮೈಲ್ಡ್ ಹೈಬ್ರಿಡ್‌ಗಳನ್ನು ಆ ಯೋಜನೆಯಿಂದ ಹೊರಗಿಟ್ಟಿತು. ಆ ಜುಲೈನಲ್ಲಿ ಬಂದ ಜಿಎಸ್‌ಟಿ ಹೈಬ್ರಿಡ್ ಕಾರುಗಳಿಗೆ ಸೆಸ್ ಸೇರಿ ಶೇ 43ರಷ್ಟು ತೆರಿಗೆ ಹಾಕಿತು, ಅದೂ ಮೈಲ್ಡ್ ಯಾವುದು ಸ್ಟ್ರಾಂಗ್ ಯಾವುದು ಎಂದು ನೋಡದೆ. ಮೊದಲು ಹೆಸರು ನೋಡಿ ಕೊಟ್ಟರು, ಆಮೇಲೆ ಹೆಸರು ನೋಡಿ ಕಿತ್ತುಕೊಂಡರು.

ಆ ಶೇ 7ರ ಏರಿಕೆ ರಸ್ತೆಯಲ್ಲಿ ಎಷ್ಟು ಉಳಿಯುತ್ತಿತ್ತು ಎಂಬುದನ್ನು ಬೆಂಗಳೂರಿನ ಯಾವುದೇ ಟ್ಯಾಕ್ಸಿ ಚಾಲಕರನ್ನು ಕೇಳಿದರೆ ತಿಳಿಯುತ್ತದೆ. ಈ ಬಗೆಯ ಕಾರಿನಲ್ಲಿ ಸಿಗ್ನಲ್ಲಿಗೆ ಬಂದು ನಿಂತು, ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದರೆ ಎಂಜಿನ್ ತಾನಾಗಿ ಆರುತ್ತದೆ. ಎಸಿಯ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ಆರಿದ ಮೇಲೆ ಬ್ಲೋಯರ್ ಊದುವುದು ಬರೀ ಗಾಳಿಯನ್ನು, ತಂಪನ್ನಲ್ಲ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಿಂದಿನ ಸೀಟಿನಿಂದ ‘ಎಸಿ ಹಾಕ್ರೀ’ ಎಂಬ ಮಾತು ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಚಾಲಕರು ಮಾಡುವುದೇನೆಂದರೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿರುವ ಸ್ಟಾರ್ಟ್-ಸ್ಟಾಪ್ ಗುಂಡಿಯನ್ನು ಒತ್ತಿ ಆ ವ್ಯವಸ್ಥೆಯನ್ನೇ ಬಂದ್ ಮಾಡುವುದು. ಅದು ಅವರ ತಪ್ಪಲ್ಲ, ಕಾರಿನ ದೋಷವೂ ಅಲ್ಲ, ವಿನ್ಯಾಸವೇ ಹಾಗೆ. ಆದರೆ ಮೈಲೇಜ್ ಅಳೆಯುವ ಭಾರತೀಯ ಪರೀಕ್ಷಾ ಆವರ್ತದಲ್ಲಿ ಎಸಿ ಹಾಕುವುದಿಲ್ಲ, ಗಾಡಿ ನಿಂತಿರುವ ಪ್ರತಿ ಸೆಕೆಂಡಿನ ಉಳಿತಾಯವೂ ಲೆಕ್ಕಕ್ಕೆ ಸೇರುತ್ತದೆ. ಸಹಾಯಧನ ಸಂದಾಯವಾದದ್ದು ಆ ಲೆಕ್ಕದ ಮೇಲೆ.

ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಅಳತೆಯೇ ಡೀಸೆಲ್ಲಿನ ಪರವಾಗಿ ವಾಲಿರುವ ಅಳತೆ ಎಂಬುದನ್ನೂ ತಾವು ಗಮನಿಸಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಡೀಸೆಲ್ ಸಾಂದ್ರವಾದ್ದರಿಂದ ಒಂದು ಲೀಟರಿಗೆ ಸುಮಾರು 2.7 ಕಿಲೊ. ಈ ಲೆಕ್ಕ ಹಿಡಿದು ಮೇಲಿನ ಸಿಯಾಜ್ ಡೀಸೆಲ್ ಹೈಬ್ರಿಡ್ಡನ್ನೂ, 23.24 ಕಿಲೋಮೀಟರ್ ಎಂದು ದಾಖಲಾದ ಇನ್ನೋವಾ ಹೈಕ್ರಾಸ್ ಪೆಟ್ರೋಲ್ ಹೈಬ್ರಿಡ್ಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಕಿಲೋಮೀಟರಿಗೆ ಸುಮಾರು 96 ಗ್ರಾಂ, ಎರಡನೆಯದು ಸುಮಾರು 99 ಗ್ರಾಂ. ಮೈಲೇಜಿನ ಪಟ್ಟಿಯಲ್ಲಿ ಐದು ಕಿಲೋಮೀಟರಿನ ಅಂತರ ಕಾಣುತ್ತದೆ, ಹೊಗೆಯ ಲೆಕ್ಕದಲ್ಲಿ ಮೂರು ಗ್ರಾಂ ಮಾತ್ರ. ಮೊದಲನೆಯದು ಐದು ಜನರ ಹಗುರ ಸೆಡಾನ್. ಎರಡನೆಯದು ಏಳೆಂಟು ಜನರನ್ನು ಕೂರಿಸಿಕೊಳ್ಳುವ, ಒಂದೂವರೆ ಟನ್ನಿಗೂ ಹೆಚ್ಚು ತೂಗುವ ಗಾಡಿ. ಡೀಸೆಲ್ಲಿನ ಮೈಲ್ಡ್ ಹೈಬ್ರಿಡ್ಡಿಗೂ ಪೆಟ್ರೋಲಿನ ಸ್ಟ್ರಾಂಗ್ ಹೈಬ್ರಿಡ್ಡಿಗೂ ಒಂದೇ ತಕ್ಕಡಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇನ್ನು ಹೊಗೆಯ ಮಾತು, ಇದೇ ನನ್ನ ಮುಖ್ಯ ಆತಂಕ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2012ರ ಜೂನ್‌ನಲ್ಲಿ ಮೊದಲ ಗುಂಪಿಗೆ ಸೇರಿಸಿತು. ಬಿಎಸ್-6 ಬಂದ ಮೇಲೆ ಪರಿಸ್ಥಿತಿ ನಿಜಕ್ಕೂ ಸುಧಾರಿಸಿದೆ ಎಂದು ಒಪ್ಪಿಕೊಳ್ಳಲೇಬೇಕು: ಡೀಸೆಲ್ ಕಾರಿನ ಸಾರಜನಕದ ಆಕ್ಸೈಡುಗಳ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ, ಮಸಿಯ ಮಿತಿ 25ರಿಂದ 4.5 ಮಿಲಿಗ್ರಾಂಗೆ ಇಳಿದಿದೆ. ಆದರೆ ಈ ಸುಧಾರಣೆಯೆಲ್ಲ ನಿಂತಿರುವುದು ಸೈಲೆನ್ಸರ್ ಕೊಳವೆಯ ದಾರಿಯಲ್ಲಿರುವ ಫಿಲ್ಟರ್ ಮತ್ತು ಹೊಗೆಯನ್ನು ಶುಚಿಗೊಳಿಸುವ ವೇಗವರ್ಧಕಗಳ (ಕ್ಯಾಟಲಿಸ್ಟ್) ಮೇಲೆ, ಮತ್ತು ಅವೆರಡಕ್ಕೂ ಬೇಕಾದದ್ದು ಬಿಸಿ. ಸಾರಜನಕದ ಆಕ್ಸೈಡುಗಳನ್ನು ತಗ್ಗಿಸುವ ಘಟಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ಫಿಲ್ಟರಿನಲ್ಲಿ ಸೇರಿದ ಮಸಿಯನ್ನು ಸುಟ್ಟು ಶುಚಿ ಮಾಡಿಕೊಳ್ಳಲು 550ರಿಂದ 600 ಡಿಗ್ರಿ ಬೇಕು. ಹೈಬ್ರಿಡ್ಡಿನ ಧರ್ಮವೇ ಎಂಜಿನ್ನನ್ನು ಆಗಾಗ ಆರಿಸುವುದು. ಆರಿದ ಎಂಜಿನ್ನಿನ ಹಿಂದೆ ಕೊಳವೆ ತಣ್ಣಗಾಗುತ್ತದೆ; ಮತ್ತೆ ಹೊತ್ತಿಕೊಂಡಾಗ ಮೊದಲ ಕೆಲವು ಕ್ಷಣಗಳ ಹೊಗೆ ತಣ್ಣನೆಯ ಘಟಕವನ್ನು ಹಾದು ಹಾಗೆಯೇ ಹೊರಗೆ ಹೋಗುತ್ತದೆ.

ಊರೊಳಗೇ ಓಡುವ ಡೀಸೆಲ್ ಕಾರು ಗ್ಯಾರೇಜಿಗೆ ಬಂದಾಗ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುತ್ತಿದ್ದದ್ದು, ಡಿಪ್‌ಸ್ಟಿಕ್ ಎಳೆದು ನೋಡಿ ಎಂದು. ಆಯಿಲ್ ಕಡಿಮೆಯಾಗಿರಬೇಕಾದ ಕಡೆ ಗರಿಷ್ಠ ಗೆರೆಯನ್ನೂ ದಾಟಿ ಮೇಲೇರಿರುತ್ತದೆ. ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ನೀರುನೀರಾಗಿ ಜಾರುತ್ತದೆ. ಮೂಸಿದರೆ ಡೀಸೆಲ್ ವಾಸನೆ. ಫಿಲ್ಟರ್ ತನ್ನನ್ನು ತಾನು ಶುಚಿ ಮಾಡಿಕೊಳ್ಳಲು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಕೊಳವೆಯನ್ನು ಕಾಯಿಸುತ್ತಿರುವಾಗ ಮಾಲೀಕರು ಆಫೀಸು ಬಂತೆಂದು ಕೀಲಿ ತಿರುಗಿಸಿ ಇಳಿದುಹೋಗಿರುತ್ತಾರೆ. ಹೀಗೆ ಹಲವು ಸಲ ಆದಾಗ ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲಿಗೆ ಬೆರೆಯುತ್ತದೆ. ಎಂಜಿನ್ನನ್ನು ತಾನೇ ಆರಿಸುವ ಹೈಬ್ರಿಡ್ಡಿನಲ್ಲಿ ಈ ತೊಂದರೆ ಹೆಚ್ಚಾಗದಂತೆ ನೋಡಿಕೊಳ್ಳಬೇಕಾದರೆ, ಫಿಲ್ಟರ್ ಸುಡುತ್ತಿರುವಷ್ಟು ಹೊತ್ತು ಎಂಜಿನ್ ಆರಬಾರದು. ಆಗ ಹೈಬ್ರಿಡ್ಡಿನ ಉಳಿತಾಯಕ್ಕೇ ಕತ್ತರಿ ಬೀಳುತ್ತದೆ. ಇದಕ್ಕೆ ಪರಿಹಾರವೇ ಇಲ್ಲ ಎಂದೇನಲ್ಲ. ವಿದ್ಯುತ್ತಿನಿಂದ ಕಾಯುವ ವೇಗವರ್ಧಕಗಳಿವೆ. ಚಾಲಕರು ಏಕಾಏಕಿ ಆಕ್ಸಿಲರೇಟರ್ ತುಳಿದಾಗ ಮೊದಲ ನೂಕನ್ನು ಮೋಟಾರಿಗೆ ವಹಿಸಿ, ಎಂಜಿನ್ ಉಗುಳುವ ಹೊಗೆಯ ಏರಿಳಿತವನ್ನು ತಗ್ಗಿಸುವ ಜಾಣತನವೂ ಸಾಧ್ಯವಿದೆ. ಚೆನ್ನಾಗಿ ಮಾಡಿದ ಡೀಸೆಲ್ ಹೈಬ್ರಿಡ್ ಬರೀ ಡೀಸೆಲ್ಲಿಗಿಂತ ಶುಚಿಯಾಗಿಯೇ ಇರಬಹುದು. ಚೆನ್ನಾಗಿ ಮಾಡಿದ್ದಾರೆಯೇ ಎಂದು ಕೇಳುವ ಅಧಿಕಾರ ರಿಯಾಯಿತಿ ಕೊಡುವವರ ಕೈಯಲ್ಲಿದೆ ಎಂಬುದಷ್ಟೇ ನನ್ನ ಮಾತು.

ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳು ಆ ಪ್ರಶ್ನೆಗೆ ಉತ್ತರ ಕೊಡಲಾರವು. ಪೆಟ್ರೋಲ್ ಬಂಕಿನ ಪಕ್ಕದ ವ್ಯಾನಿನಲ್ಲಿ ನಡೆಯುವ ಡೀಸೆಲ್ ತಪಾಸಣೆಯಲ್ಲಿ ಗಾಡಿಯನ್ನು ನಿಂತಲ್ಲೇ ರೇಸ್ ಮಾಡಿಸಿ, ಹೊಗೆಯಲ್ಲಿ ಬೆಳಕು ಎಷ್ಟು ಮಂಕಾಗುತ್ತದೆ ಎಂದು ನೋಡುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ಅದು ಅಳೆಯುವುದಿಲ್ಲ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳನ್ನು ಎಣಿಸುವುದಿಲ್ಲ. ಪದೇ ಪದೇ ಕಟ್ಟಿಕೊಳ್ಳುವ ಫಿಲ್ಟರಿನ ಕಾಟ ತಾಳದೆ ಅದರ ಒಳಗಿನ ಜೇಡಿಮಣ್ಣಿನಂಥ ಭಾಗವನ್ನು ಒಡೆದು ತೆಗೆಸಿ, ಹೊರಗಿನ ಡಬ್ಬವನ್ನು ಮಾತ್ರ ಬೆಸುಗೆ ಹಾಕಿಸಿಕೊಂಡು ಓಡಿಸುವ ಗಾಡಿಯನ್ನು ಈ ಪರೀಕ್ಷೆಯಿಂದ ಖಚಿತವಾಗಿ ಹಿಡಿಯುವುದು ಕಷ್ಟ. ಬೆಲ್ಜಿಯಂ 2022ರಲ್ಲಿ, ನೆದರ್‌ಲ್ಯಾಂಡ್ಸ್ 2023ರ ಜನವರಿಯಿಂದ ವಾರ್ಷಿಕ ತಪಾಸಣೆಯಲ್ಲೇ ಡೀಸೆಲ್ ಕಾರಿನ ಸೂಕ್ಷ್ಮ ಕಣಗಳನ್ನು ಎಣಿಸುವ ಸಾಧನವನ್ನು ಬಳಸಲು ಆರಂಭಿಸಿವೆ. ಹೊಗೆಯ ಮಿತಿ ನಿಗದಿ ಮಾಡುವುದು ಕೇಂದ್ರದ ಕೆಲಸ ಎಂಬುದು ನನಗೆ ಗೊತ್ತಿದೆ. ಆದರೆ ರಾಜ್ಯದ ತೆರಿಗೆ ರಿಯಾಯಿತಿ ಪಡೆದ ಡೀಸೆಲ್ ಹೈಬ್ರಿಡ್ ಗಾಡಿ ಅಂಥ ಒಂದು ಪರೀಕ್ಷೆಗೆ ಒಳಪಡಬೇಕೆಂದು ರಿಯಾಯಿತಿಯ ಷರತ್ತಿನಲ್ಲೇ ಬರೆಯುವುದಕ್ಕೆ ರಾಜ್ಯಕ್ಕೆ ದಾರಿಯಿದೆ.

ಪ್ಲಗ್-ಇನ್ ಮಾದರಿಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಚಾರ್ಜ್ ಮಾಡಿದರೆ ಅವು ಉತ್ತಮ, ಮಾಡದಿದ್ದರೆ ಬ್ಯಾಟರಿಯ ಭಾರ ಹೊತ್ತ ಮಾಮೂಲಿ ಡೀಸೆಲ್ ಗಾಡಿಗಳು. ಯುರೋಪಿಯನ್ ಆಯೋಗವು ಕಾರುಗಳೊಳಗೇ ಅಳವಡಿಸಿದ ಇಂಧನ ಬಳಕೆಯ ಮೀಟರುಗಳಿಂದ ಮಾಹಿತಿ ತರಿಸಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, ಪೆಟ್ರೋಲ್ ಡೀಸೆಲ್ ಎರಡೂ ಸೇರಿದ ಪ್ಲಗ್-ಇನ್ ಕಾರುಗಳು ರಸ್ತೆಯಲ್ಲಿ ಹೊರಸೂಸಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು. ತೆರಿಗೆ ಉಳಿಸಲು ಕೊಂಡ ಕಾರಿಗೆ ಚಾರ್ಜಿಂಗ್ ವೈರನ್ನು ಚುಚ್ಚುವ ಗೋಜಿಗೆ ಬಹಳ ಜನ ಹೋಗಲಿಲ್ಲ. ಆ ವರದಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆ ಮೀಟರಿನ ವಿಚಾರ. ಗಾಡಿ ನಿಜವಾಗಿ ಎಷ್ಟು ಕುಡಿಯಿತು ಎಂಬುದನ್ನು ಗಾಡಿಯೇ ಹೇಳುವಂತಾದರೆ ಕಂಪನಿಯ ಜಾಹೀರಾತನ್ನೂ ನಂಬಬೇಕಿಲ್ಲ, ನನ್ನಂಥವರ ವಾದವನ್ನೂ ನಂಬಬೇಕಿಲ್ಲ.

ಹಾಗಾದರೆ ಡೀಸೆಲ್ ಹೈಬ್ರಿಡ್ಡಿಗೆ ನಮ್ಮ ರಾಜ್ಯದಲ್ಲಿ ಜಾಗವೇ ಇಲ್ಲವೇ ಎಂದರೆ, ಇದೆ ಎಂದೇ ನನ್ನ ಉತ್ತರ. ಭಾರ ಹೆಚ್ಚಿರುವಲ್ಲಿ, ದಿನದ ಓಟ ಹೆಚ್ಚಿರುವಲ್ಲಿ, ಎಂಜಿನ್ ಚೆನ್ನಾಗಿ ಕಾದಿರುವಲ್ಲಿ ಅದರ ದೋಷಗಳು ಕಡಿಮೆಯಾಗಿ ಗುಣಗಳು ಎದ್ದು ಕಾಣುತ್ತವೆ. ಮಂಗಳೂರಿಗೆ ಹೋಗುವ ಮ್ಯಾಕ್ಸಿಕ್ಯಾಬನ್ನೇ ತೆಗೆದುಕೊಳ್ಳಿ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ ತಲುಪುವಷ್ಟರಲ್ಲಿ ಗಾಡಿ ಸುಮಾರು 800 ಮೀಟರ್ ಕೆಳಗಿಳಿದಿರುತ್ತದೆ. ಜನ ಮತ್ತು ಲಗೇಜು ಸೇರಿ ಎರಡು ಟನ್ ತೂಗುವ ಗಾಡಿಗೆ ಇದು ನಾಲ್ಕು ಯೂನಿಟ್ಟಿಗೂ ಹೆಚ್ಚು ವಿದ್ಯುತ್ತಿಗೆ ಸಮ. ಅದರಲ್ಲಿ ದೊಡ್ಡ ಪಾಲು ಗಾಳಿಯ ಮತ್ತು ಟೈರಿನ ಪ್ರತಿರೋಧಕ್ಕೆ ಹೋದರೂ ಉಳಿದದ್ದು ಈಗ ಬ್ರೇಕ್ ಪ್ಯಾಡಿನ ಬಿಸಿಯಾಗಿ, ತಿರುವು ತಿರುವಿನಲ್ಲೂ ಮೂಗಿಗೆ ಬಡಿಯುವ ಸುಟ್ಟ ವಾಸನೆಯಾಗಿ ಕಳೆದುಹೋಗುತ್ತಿದೆ. ದೊಡ್ಡ ಮೋಟಾರು ಮತ್ತು ಎರಡು ಮೂರು ಯೂನಿಟ್ ಹಿಡಿಯುವ ಬ್ಯಾಟರಿ ಇರುವ ಸ್ಟ್ರಾಂಗ್ ಹೈಬ್ರಿಡ್ ಅದನ್ನು ಉಳಿಸಿಕೊಳ್ಳಬಲ್ಲದು, ಬ್ರೇಕಿನ ಆಯುಷ್ಯವನ್ನೂ ಹೆಚ್ಚಿಸಬಲ್ಲದು. 48 ವೋಲ್ಟಿನ ಪುಟ್ಟ ಬ್ಯಾಟರಿಯಾದರೋ ಮೊದಲ ಕೆಲವು ತಿರುವುಗಳಲ್ಲೇ ತುಂಬಿ, ಉಳಿದ ಘಾಟಿಯಲ್ಲಿ ಸುಮ್ಮನೆ ಕೂರುತ್ತದೆ. ನಗರದ ಬಸ್ಸುಗಳಲ್ಲಿಯೂ ಪ್ರಯೋಗ ನಡೆದಿದೆ: ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ 2018ರಲ್ಲಿ ಟಾಟಾ ಕಂಪನಿಯ 25 ಡೀಸೆಲ್ ಹೈಬ್ರಿಡ್ ಬಸ್ಸುಗಳು ಬಂದವು. ನಮ್ಮಲ್ಲಿ ಬಿಎಂಟಿಸಿ ನೇರವಾಗಿ ವಿದ್ಯುತ್ ಬಸ್ಸುಗಳ ಕಡೆ ಹೊರಳಿದೆ, ನಗರಕ್ಕೆ ಅದೇ ಸರಿ. ಆದರೆ ಮಲೆನಾಡಿನ ಘಾಟಿ ಮಾರ್ಗಗಳಿಗೆ, ಚಾರ್ಜಿಂಗ್ ಕೇಂದ್ರ ಇನ್ನೂ ತಲುಪದ ತಾಲ್ಲೂಕುಗಳಿಗೆ ಡೀಸೆಲ್ ಹೈಬ್ರಿಡ್ ಕೆಲವು ವರ್ಷಗಳ ಮಟ್ಟಿಗೆ ಉಪಯೋಗಕ್ಕೆ ಬರಬಹುದು. ವಿಪರ್ಯಾಸವೆಂದರೆ ಈ ಜೋಡಿ ಎಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೋ ಅಂಥ ಗಾಡಿಗಳಲ್ಲಿ ಅದು ಸಿಗುತ್ತಿಲ್ಲ. ಸಿಗುತ್ತಿರುವುದು ಸ್ವಂತಕ್ಕೆ ಕೊಳ್ಳುವ ದುಬಾರಿ ಎಸ್‌ಯುವಿಗಳಲ್ಲಿ.

ಹೆಸರಿನ ಮೇಲೆ, ಗಾತ್ರದ ಮೇಲೆ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಅನುಭವ ಸಾಕು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 2,000 ಸಿಸಿ ಮತ್ತು ಅದಕ್ಕೂ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಹಿಡಿಯಿತು. ಮರುತಿಂಗಳೇ ಮಹೀಂದ್ರ ಕಂಪನಿ 1.99 ಲೀಟರಿನ ಎಂಜಿನ್ ಹೊರತಂದಿತು. ಕಾನೂನು ಚಾಪೆ ಕೆಳಗೆ ತೂರಿದರೆ ಮಾರುಕಟ್ಟೆ ರಂಗೋಲಿ ಕೆಳಗೆ ತೂರುತ್ತದೆ. ಇದರಲ್ಲಿ ಕಂಪನಿಯನ್ನು ದೂರಬೇಕಾದ್ದೇನೂ ಇಲ್ಲ, ಗೆರೆ ಎಲ್ಲಿತ್ತೋ ಅದರ ಈಚೆ ಅವರು ನಿಂತರು ಅಷ್ಟೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ಜಿಎಸ್‌ಟಿ ದರಗಳೂ ಸಿಸಿ ಮತ್ತು ಉದ್ದವನ್ನೇ ನೋಡುತ್ತವೆ: 1,500 ಸಿಸಿ ಮತ್ತು ನಾಲ್ಕು ಮೀಟರಿನೊಳಗಿನ ಡೀಸೆಲ್ ಹಾಗೂ ಡೀಸೆಲ್ ಹೈಬ್ರಿಡ್ ಕಾರಿಗೆ ಶೇ 18, ಅದನ್ನು ಮೀರಿದರೆ ಶೇ 40. ಕೊಳವೆಯಿಂದ ಹೊರಬರುವುದು ಏನೆಂದು ಅಲ್ಲಿಯೂ ಯಾರೂ ಕೇಳಿಲ್ಲ. ರಾಜ್ಯವು ಆ ಪ್ರಶ್ನೆಯನ್ನು ಕೇಳುವ ಮೊದಲಿಗನಾಗಬಹುದು.

ಆದ್ದರಿಂದ ನನ್ನ ವಿನಂತಿ ಇಷ್ಟು. ಹೈಬ್ರಿಡ್ ವಾಹನಗಳಿಗೆ ಜೀವಾವಧಿ ತೆರಿಗೆಯಲ್ಲಿ ರಿಯಾಯಿತಿ ಕೊಡುವುದಾದರೆ, ಆದೇಶದಲ್ಲಿ ಮೈಲ್ಡ್, ಸ್ಟ್ರಾಂಗ್, ಪೆಟ್ರೋಲ್, ಡೀಸೆಲ್ ಎಂಬ ಹೆಸರುಗಳ ಬದಲು ಕಿಲೋಮೀಟರಿಗೆ ಇಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬ ಪ್ರಮಾಣಿತ ಅಂಕಿಯನ್ನು ಆಧಾರವಾಗಿಡಿ. ಅದರೊಳಗೆ ಬರುವ ಯಾವುದೇ ಗಾಡಿಗೆ ರಿಯಾಯಿತಿ ಸಿಗಲಿ, ಹೊರಗುಳಿದದ್ದಕ್ಕೆ ಬೇಡ. ರಿಯಾಯಿತಿಯ ಮೊತ್ತಕ್ಕೆ ಒಂದು ಗರಿಷ್ಠ ಮಿತಿಯಿರಲಿ, ಬೆಲೆ ಏರಿದಂತೆ ಸರ್ಕಾರದ ಉಡುಗೊರೆಯೂ ಏರುವುದು ಬೇಡ. 2016ರಿಂದ ಪೂರ್ಣ ವಿನಾಯಿತಿ ಪಡೆದಿದ್ದ ವಿದ್ಯುತ್ ಕಾರುಗಳಲ್ಲಿ 25 ಲಕ್ಷ ಮೀರಿದವುಗಳಿಗೆ 2024ರಲ್ಲಿ ಶೇ 10ರ ತೆರಿಗೆ ತಂದವರು ತಾವೇ ಆದ್ದರಿಂದ, ಈ ಮಾತು ತಮಗೆ ಹೊಸದಾಗದು. ಡೀಸೆಲ್ ಹೈಬ್ರಿಡ್ ರಿಯಾಯಿತಿ ಪಡೆಯುವುದಾದರೆ, ಅದರ ಫಿಲ್ಟರ್ ಮತ್ತು ಸಾರಜನಕದ ಆಕ್ಸೈಡ್ ತಗ್ಗಿಸುವ ಘಟಕ ಕೆಲಸ ಮಾಡುತ್ತಿವೆ ಎಂದು ಕಣ ಎಣಿಸುವ ಪರೀಕ್ಷೆಯೂ ಸೇರಿದಂತೆ ವರ್ಷಕ್ಕೊಮ್ಮೆ ದೃಢಪಡಿಸಿಕೊಳ್ಳಿ. ಆರಂಭದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಒಂದೊಂದು ಆರ್‌ಟಿಒ ಕಚೇರಿಯಲ್ಲಿ ಆ ಸಾಧನ ಇಟ್ಟರೂ ಸಾಕು. ಹಾಗೆಯೇ ಹಳೆಯ ಹೈಬ್ರಿಡ್ ಕಾರು ಕೈ ಬದಲಾಗುವಾಗ ಆರ್‌ಸಿ ವರ್ಗಾವಣೆಯ ಅರ್ಜಿಯ ಜೊತೆ ಬ್ಯಾಟರಿಯ ಸ್ಥಿತಿಯ ಪ್ರಮಾಣಪತ್ರವನ್ನೂ ಕೇಳಿ. ಬ್ಯಾಟರಿ ಸತ್ತ ಹೈಬ್ರಿಡ್ಡನ್ನು ಕೊಳ್ಳುವವರು ಹೆಚ್ಚಾಗಿ ಹೊಸ ಕಾರು ಕೊಳ್ಳಲಾಗದ, ದುಡಿಮೆಗೆಂದು ಗಾಡಿ ಕೊಳ್ಳುವ ಜನ.

ಕೊನೆಯದಾಗಿ, ಮ್ಯಾಕ್ಸಿಕ್ಯಾಬ್ ಮತ್ತು ಸಾರಿಗೆ ನಿಗಮಗಳ ಘಾಟಿ ಮಾರ್ಗಗಳಿಗಾಗಿ ಸ್ಟ್ರಾಂಗ್ ಡೀಸೆಲ್ ಹೈಬ್ರಿಡ್ಡಿನ ಒಂದು ಸಣ್ಣ ಪ್ರಯೋಗವನ್ನು ಇಲಾಖೆಯೇ ಕೈಗೊಳ್ಳಲಿ. ಶಿರಾಡಿ, ಆಗುಂಬೆ, ಚಾರ್ಮಾಡಿ ಮೂರು ದಾರಿಗಳಲ್ಲಿ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಓಡಿಸಿ, ಗಾಡಿಯೊಳಗಿನ ಮೀಟರಿನಿಂದ ಬಂದ ಡೀಸೆಲ್ ಬಳಕೆಯ ಅಂಕಿಗಳನ್ನು ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಿದರೆ, ಇಂಥ ಪತ್ರಗಳಲ್ಲಿ ವಾದ ಮಾಡುವ ನಮಗೂ ಆದೇಶ ಬರೆಯುವ ತಮಗೂ ಎದುರಿಗೆ ಒಂದೇ ಲೆಕ್ಕ ಇರುತ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಆಟೊಮೊಬೈಲ್ ವಿಭಾಗದ ಒಬ್ಬ ನಿವೃತ್ತ ಉಪನ್ಯಾಸಕ,
ಹಾಸನ